ಶೇಡಬಾಳದ ಕಾದಂಬರಿ, ಒಕ್ಕಲು ಮನೆಯ ಹೆಣ್ಣು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಣ್ಣಿನ ಸ್ಥಾನವನ್ನು ಬಹುಮಟ್ಟಿಗೆ ಆಸ್ತಿಯೇ ಗೊತ್ತುಮಾಡುತ್ತಿತ್ತು. ‘ಜೇನ್ ಐರ್’ (1847) ಕಾದಂಬರಿಯ ಅನಾಥೆ ಸಿರಿವಂತರ ಮನೆಯಲ್ಲಿ ಸಂಬಳಕ್ಕೆ ಪಾಠ ಹೇಳುತ್ತಾಳೆ. ಆ ಮನೆಯಲ್ಲಿ ಅವಳು ಆಳೂ ಅಲ್ಲ, ಒಡತಿಯೂ ಅಲ್ಲ. ಅದೇ ರಾಣಿಯ ಆಳ್ವಿಕೆಯ ಕೊನೆಗೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಾಲವಿಧವೆಯ ಓದು ಮತ್ತು ಮರುಮದುವೆಯ ಪರವಾಗಿ ಕನ್ನಡದಲ್ಲಿ ದನಿ ಎತ್ತಿತು.

ನಮ್ಮ ಸೀಮೆಯ ಹೆಣ್ಣುಮಕ್ಕಳ ಬಾಳನ್ನು ಕಾದಂಬರಿಗೆ ತಂದವರು ಮಿರ್ಜಿ ಅಣ್ಣಾರಾಯರು (1918–1975). ಈಗ ಕಾಗವಾಡ ತಾಲ್ಲೂಕಿಗೆ ಸೇರಿದ ಶೇಡಬಾಳ ಅವರ ಹುಟ್ಟೂರು. ಅವರ ‘ನಿಸರ್ಗ’ ಈ ಭಾಗದ ಜೈನ ರೈತ ಮನೆತನಗಳ ಕಥೆ. ಅದರ ಮಾತುಕತೆಯನ್ನು ಗಟ್ಟಿಯಾಗಿ ಓದಬೇಕು: ಅಥಣಿ, ರಾಯಬಾಗ, ಚಿಕ್ಕೋಡಿಯವರಿಗೆ ಅದು ಮನೆಮಾತೇ. ಅಣ್ಣಾರಾಯರ ದೊಡ್ಡ ಸಾಧನೆ ಇದೇ ಎಂದು ನಾವು ನಂಬುತ್ತೇವೆ: ಪಟ್ಟಣದ ಓದಿದ ಮನೆಗಳಾಚೆಗೆ, ಹೊಲ, ಅಡುಗೆಮನೆ, ಬೀಗರ ಮಾತು ಇವುಗಳ ನಡುವೆ ಸಿಕ್ಕ ಹೆಣ್ಣಿನ ಮನಸ್ಸಿಗೂ ಕಾದಂಬರಿಯ ಘನತೆ ಉಂಟೆಂದು ಅವರು ತೋರಿಸಿದರು.

ಅಣ್ಣಾರಾಯರು ಬರೆಯುತ್ತಿದ್ದ ಕಾಲದಲ್ಲಿ ಕೂಡುಕುಟುಂಬದ ಹೊಲದ ಮೇಲೆ ಮಗನಿಗೆ ಹುಟ್ಟಿನಿಂದ ಬರುತ್ತಿದ್ದ ಹಕ್ಕು ಮಗಳಿಗೆ ಇರಲಿಲ್ಲ. ಕರ್ನಾಟಕದಲ್ಲಿ ಅದು ಹೆಣ್ಣುಮಕ್ಕಳಿಗೆ ಸಿಕ್ಕಿದ್ದು 1994ರಲ್ಲಿ. ಆಗಲೂ ಅದಕ್ಕೆ ಮುಂಚೆ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೊಂಡಿತು.