ಟ್ರೆಂಡ್ ಆಗದ ಜನಾಭಿಪ್ರಾಯ

ಚುನಾವಣೆ ಮುಗಿದಾಗಲೆಲ್ಲ ಒಂದು ಮಾತು ಹುಟ್ಟಿಕೊಳ್ಳುತ್ತದೆ: ಗೆಲ್ಲಿಸಿದ್ದೂ ಸೋಲಿಸಿದ್ದೂ ಸೋಷಿಯಲ್ ಮೀಡಿಯಾ. ಮಾಧ್ಯಮ ಅಧ್ಯಯನವನ್ನೇ ಕಸುಬಾಗಿಸಿಕೊಂಡ ನನಗೆ ಇದು ಒಪ್ಪಿಗೆಯಿಲ್ಲ. 1940ರ ಅಮೆರಿಕ ಅಧ್ಯಕ್ಷ ಚುನಾವಣೆಯ ಹೊತ್ತಿನಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಝರ್ಸ್‌ಫೆಲ್ಡ್ ಅವರ ತಂಡ ಒಹಾಯೊದ ಒಂದು ಕೌಂಟಿಯ ಮತದಾರರನ್ನು ಮತ್ತೆ ಮತ್ತೆ ಮಾತಾಡಿಸಿತ್ತು. ಪತ್ರಿಕೆ, ರೇಡಿಯೊಗಳಿಗಿಂತ ತಾವು ನಂಬುವ ಪರಿಚಿತರ ಮಾತೇ ಮತದಾರರ ಮೇಲೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಆ ತಂಡಕ್ಕೆ ಕಂಡ ಸತ್ಯ. ಆಮೇಲೆ ಬಂದ ಎಷ್ಟೋ ಸಿದ್ಧಾಂತಗಳು ಇಷ್ಟು ಬಾಳಿಕೆ ಬರಲಿಲ್ಲ.

ನಮ್ಮಲ್ಲಿ 1998ರ 'ಬರಹ' ತಂತ್ರಾಂಶ, ಆಮೇಲೆ ಯೂನಿಕೋಡ್, ಬ್ಲಾಗುಗಳು ಕನ್ನಡವನ್ನು ಅಂತರ್ಜಾಲಕ್ಕೆ ತಂದವು. 2009ರಲ್ಲಿ ಮಂಗಳೂರಿನ ಪಬ್ ದಾಳಿಯನ್ನು ವಿರೋಧಿಸಿ ಫೇಸ್‌ಬುಕ್‌ನಲ್ಲಿ ಗುಲಾಬಿ ಚಡ್ಡಿ ಅಭಿಯಾನ ನಡೆಯಿತು. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು.

ಸೋಷಿಯಲ್ ಮೀಡಿಯಾದ ಶಕ್ತಿ ಎಷ್ಟೆಂದು ನಾವು ನಿಜಕ್ಕೂ ಕಲಿತದ್ದು ಮುಂದಿನ ಕೆಲವು ವರ್ಷಗಳಲ್ಲಿ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಸೇತುವೆ ಕಟ್ಟಲು, 812 ಮರ ಕಡಿಯಲು ಸರ್ಕಾರ ಹೊರಟಾಗ 'ಸ್ಟೀಲ್ ಫ್ಲೈಓವರ್ ಬೇಡ' ಹ್ಯಾಷ್‌ಟ್ಯಾಗ್ ಹಬ್ಬಿತು. ಆದರೆ 2016ರ ಅಕ್ಟೋಬರ್ 16ರಂದು ಜನ ಫೋನು ಬಿಟ್ಟು ರಸ್ತೆಗಿಳಿದು ಮಾನವ ಸರಪಳಿಯಾಗಿ ನಿಂತರು, ಹಸಿರು ನ್ಯಾಯಮಂಡಳಿಯ ತಡೆಯೂ ಬಂತು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 2017ರ 'ನಮ್ಮ ಮೆಟ್ರೊ ಹಿಂದಿ ಬೇಡ' ಅಭಿಯಾನದ ಬೆನ್ನಿಗೂ ಬೀದಿಯಲ್ಲಿ ದಶಕಗಳಿಂದ ದುಡಿದ ಕನ್ನಡ ಸಂಘಟನೆಗಳಿದ್ದವು. ಇದನ್ನು ಮರೆತು ಹ್ಯಾಷ್‌ಟ್ಯಾಗನ್ನಷ್ಟೇ ಎಣಿಸುವ ಸಂಶೋಧನೆ ಅರ್ಧ ಸಂಶೋಧನೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ. 73 ದಾಟಿದರೂ, ಟ್ವಿಟರ್‌ನಲ್ಲಿ ದಿನವಿಡೀ ಮಾತಾಡುವ ಬೆಂಗಳೂರು ಎಂದಿನಂತೆ ಬಹಳ ಹಿಂದುಳಿಯಿತು.

ಇನ್ನೊಂದು ಕರ್ನಾಟಕವನ್ನು ತೋರಿಸಿದ್ದು 2018ರ ಜುಲೈ. ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದ್ ಕಡೆಯ ಸ್ನೇಹಿತರನ್ನು ಜನ ಮಕ್ಕಳ ಕಳ್ಳರೆಂದು ತಿಳಿದರು. ಅವರ ಕಾರು ಮುರ್ಕಿ ತಲುಪುವಷ್ಟರಲ್ಲಿ ವಾಟ್ಸಾಪ್ ಸಂದೇಶ ಅಲ್ಲಿಗೆ ಮುಟ್ಟಿ, ಜನ ದಾರಿಯನ್ನು ಅಡ್ಡಗಟ್ಟಿದ್ದರು. ಒಬ್ಬ ಇಂಜಿನಿಯರ್ ಹೊಡೆತಕ್ಕೆ ಸತ್ತ. ಸಂದೇಶ ಕಳಿಸಿದವರು ಅಪರಿಚಿತರಲ್ಲ, ನೆಂಟರಿಷ್ಟರು, ಅಕ್ಕಪಕ್ಕದ ಊರಿನವರು. ಅದಕ್ಕೇ ಜನ ನಂಬಿದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದರ ಮಿತಿ ಹೇರಲು ಹೊರಟಿತು.

ಇಂಥ ಸಂದೇಶ ಹರಡುವ ವಾಟ್ಸಾಪ್ ಗುಂಪುಗಳ ಬಗ್ಗೆ ಕನ್ನಡದಲ್ಲಿ ಗಟ್ಟಿ ಅಧ್ಯಯನ ತೀರಾ ವಿರಳ. ಹೊರಗಿನಿಂದ ನೋಡುವ ಕಿಟಕಿಗಳೂ ಮುಚ್ಚುತ್ತಿವೆ. ಟ್ವಿಟರ್ 2023ರಲ್ಲಿ ತನ್ನ ದತ್ತಾಂಶಕ್ಕೆ ಸಂಶೋಧಕರಿಗಿದ್ದ ಉಚಿತ ಪ್ರವೇಶ ನಿಲ್ಲಿಸಿತು. ಫೇಸ್‌ಬುಕ್ ಪೋಸ್ಟ್‌ಗಳು ಹೇಗೆ ಹರಡುತ್ತವೆಂದು ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಸಾಧನವನ್ನು ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಉಳಿದದ್ದು ಜನರನ್ನೇ ಕೇಳುವ ಹಳೆಯ ದಾರಿ. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ, ಅವರ ಊರಿನ ಗುಂಪುಗಳಲ್ಲಿ ಅವರೂ ಇದ್ದಾರೆ. ಸದಸ್ಯರ ಒಪ್ಪಿಗೆ ಪಡೆದು, ಹೆಸರು ಮರೆಸಿ, ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯಿಂದಲೇ ಅಲ್ಲಿನ ಮಾತುಕತೆಯನ್ನು ಅವರು ದಾಖಲಿಸತೊಡಗಲಿ. ಅಧ್ಯಾಪಕರು ಅವರ ಬೆನ್ನಿಗೆ ನಿಲ್ಲಬೇಕು.