ಬದುವಿನ ಎಣ್ಣೆ, ಹೊಲದ ಕಾಳು

ಹಾಸನ ಸೀಮೆಯಲ್ಲಿ ಇಂಧನವೂ ಊಟದ ಕಾಳೂ ಒಂದೇ ನೆಲಕ್ಕಾಗಿ ಪೈಪೋಟಿಗೆ ಇಳಿದದ್ದು ತೀರ ಈಚಿನ ಸಂಗತಿ. ಚನ್ನರಾಯಪಟ್ಟಣದ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿಯೂ ಅವರೆಯೂ, ಹೊಳೆನರಸೀಪುರದಲ್ಲಿ ಹೇಮಾವತಿಯ ಹಳೆಯ ಅಣೆಕಟ್ಟೆಯ ನಾಲೆಗಳ ಕೆಳಗೆ ಭತ್ತವೂ ಬೆಳೆಯುತ್ತಿದ್ದಾಗ, ಎಣ್ಣೆ ಕೊಡುವ ಹೊಂಗೆ ಮತ್ತು ಹಿಪ್ಪೆ ಮರಗಳು ಬದು, ಹಳ್ಳದ ದಂಡೆ, ಕೆರೆ ಏರಿಯ ಹಿಂಬದಿ, ಗುಂಡುತೋಪು ಮುಂತಾಗಿ ನೇಗಿಲು ಹೋಗದ ಜಾಗಗಳಲ್ಲಿ ನಿಂತಿದ್ದವು. ಹರಳು ಮಾತ್ರ ಹೊಲದೊಳಕ್ಕೆ ಬರುತ್ತಿತ್ತು. ಆದರೆ ಅದೂ ರಾಗಿಯ ನಡುವೆ ಅಲ್ಲೊಂದು ಇಲ್ಲೊಂದು ಸಾಲಾಗಿ ಬಿತ್ತುವ ಅಕ್ಕಡಿಯಾಗಿಯೇ ಹೊರತು ರಾಗಿಯನ್ನು ಹೊರದಬ್ಬುವ ಬೆಳೆಯಾಗಿ ಅಲ್ಲ. ಬೇಸಿಗೆಯಲ್ಲಿ ಆಯ್ದ ಹೊಂಗೆಬೀಜ ಗಾಣಿಗರ ಗಾಣಕ್ಕೆ ಹೋಗಿ, ಎಣ್ಣೆ ದೀಪಕ್ಕೂ ಮೈಗೆ ಹಚ್ಚುವ ಔಷಧಕ್ಕೂ ಸಲ್ಲುತ್ತಿತ್ತು. ದನ ತಿನ್ನಲಾಗದ ಕಹಿ ಹಿಂಡಿ ಗದ್ದೆಗೂ ತೆಂಗಿನ ಬುಡಕ್ಕೂ ಗೊಬ್ಬರವಾಗುತ್ತಿತ್ತು. ಸೊಪ್ಪನ್ನು ನಾಟಿಗೆ ಮುಂಚೆ ಕೆಸರಿಗೆ ತುಳಿಯುತ್ತಿದ್ದರು. ಇಂಧನದ ಮರವೇ ಕಾಳಿನ ಬೆಳೆಗೆ ಸಾರ ಒದಗಿಸುತ್ತಿದ್ದುದರಿಂದ ಎರಡರ ನಡುವೆ ಲೆಕ್ಕ ಹಾಕಿ ಆಯ್ಕೆ ಮಾಡುವ ಪ್ರಸಂಗವೇ ಒಕ್ಕಲಿಗೆ ಎದುರಾಗಿರಲಿಲ್ಲ.

ಕಾಳಿನ ಬೆಲೆಯನ್ನು ಅಂಕೆಯಲ್ಲಿಡುತ್ತಿದ್ದ ಇನ್ನೊಂದು ವ್ಯವಸ್ಥೆ ಹಗೇವು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿದ ಈ ನೆಲಮಾಳಿಗೆಯ ಒಳಮೈಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿದಾಗ ಹುಳಕ್ಕೆ ಬದುಕಲು ಆಗುತ್ತಿರಲಿಲ್ಲ. ಅದೇ ಕಾರಣಕ್ಕೆ ಹಗೇವನ್ನು ತೆರೆದ ಕೂಡಲೇ ಒಳಗಿಳಿದ ಮನುಷ್ಯನ ಪ್ರಾಣಕ್ಕೂ ಅಪಾಯವಿತ್ತಾದ್ದರಿಂದ, ಮೊದಲು ದೀಪ ಇಳಿಬಿಟ್ಟು ಅದು ಆರುವುದೇ ಎಂದು ನೋಡುವ ರೂಢಿ ಇತ್ತು. ಹೀಗೆ ಇಟ್ಟ ರಾಗಿ ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಒಂದು ಮಳೆಗಾಲ ಕೈಕೊಟ್ಟರೆ ಹಿಂದಿನ ಸುಗ್ಗಿಯೇ ಮುಂದಿನ ಬೇಸಿಗೆಯ ಊಟವಾಗುತ್ತಿತ್ತು. ಆದರೆ ಇದಕ್ಕೂ ಮಿತಿ ಇತ್ತು: ಸತತ ಬರ ಬಡಿದ 1876-78ರ ಕ್ಷಾಮದ ಹಿಂದುಮುಂದಿನ ಜನಗಣತಿಗಳ ನಡುವೆ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಸುಮಾರು 50.5 ಲಕ್ಷದಿಂದ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು.

ದಾಸ್ತಾನಿನ ಈ ಪಾತ್ರವನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ವಿವರಿಸಿದವರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರಜ್ಞ ಬ್ರಯಾನ್ ರೈಟ್ ಪ್ರಮುಖರು. ಜೆಫ್ರಿ ವಿಲಿಯಮ್ಸ್ ಅವರೊಡನೆ 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಆಮೇಲಿನ ಲೇಖನಗಳಲ್ಲೂ ಅವರು ಬೆಳೆಸಿದ ವಾದದ ತಿರುಳು ಸರಳವಾದುದು: ಈ ವರ್ಷದ ಕಾಳನ್ನು ಮುಂದಿನ ವರ್ಷಕ್ಕೆ ಉಳಿಸಬಹುದೇ ಹೊರತು ಮುಂದಿನ ವರ್ಷದ ಕಾಳನ್ನು ಈಗಲೇ ಸಾಲ ತರಲಾಗದು, ಆದ್ದರಿಂದ ದಾಸ್ತಾನು ಇರುವತನಕ ಬೆಲೆ ಮೆಲ್ಲಗೆ ಏರಿಳಿಯುತ್ತದೆ, ದಾಸ್ತಾನು ಬರಿದಾದಾಗ ಸಣ್ಣ ಕೊರತೆಗೂ ಹಠಾತ್ತನೆ ಜಿಗಿಯುತ್ತದೆ. ಅಮೆರಿಕವು 2005 ಮತ್ತು 2007ರ ಕಾಯಿದೆಗಳ ಮೂಲಕ ಪೆಟ್ರೋಲಿಗೆ ಎಥೆನಾಲ್, ಅಂದರೆ ಪಿಷ್ಟ ಅಥವಾ ಸಕ್ಕರೆಯನ್ನು ಹುದುಗಿಸಿ ಬಟ್ಟಿಯಿಳಿಸಿದ ಮದ್ಯಸಾರ, ಬೆರೆಸುವುದನ್ನು ಕಡ್ಡಾಯಗೊಳಿಸಿದ್ದು ಜಗತ್ತಿನ ಮೆಕ್ಕೆಜೋಳದ ದಾಸ್ತಾನಿನ ಮೇಲೆ ಒತ್ತಡ ತಂದಿತು. 2007-08ರ ಆಹಾರ ಬೆಲೆಯೇರಿಕೆಯನ್ನು ಅರ್ಥ ಮಾಡಿಕೊಳ್ಳಲು ರೈಟ್ ಈ ಕೀಲಿಯನ್ನೇ ಮುಂದಿಟ್ಟರು. ಹಗೇವು ತೋಡಿದ ಒಕ್ಕಲು ಮಗನಿಗೆ ಈ ಸಿದ್ಧಾಂತ ಹೊಸದಾಗಿ ಕಾಣುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಸೀಮೆಎಣ್ಣೆ ಹೊಂಗೆಯನ್ನು ದೀಪದಿಂದ ಕೆಳಗಿಳಿಸಿತು. ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಅರಸೀಕೆರೆಗೆ ಸಾಗಿದ ರೈಲುಮಾರ್ಗ ಕಾಳನ್ನು ದೂರದ ಪೇಟೆಗಳಿಗೆ ಒಯ್ಯತೊಡಗಿತು. ಹೊಂಗೆಗೆ ಇಂಧನದ ಸ್ಥಾನ ಮತ್ತೆ ಒದಗಿದ್ದು ಶತಮಾನ ಕಳೆದ ಮೇಲೆ. 2003ರಲ್ಲಿ ಕೇಂದ್ರ ಯೋಜನಾ ಆಯೋಗದ ಸಮಿತಿ ಜೈವಿಕ ಡೀಸೆಲ್‌ಗಾಗಿ ಜಟ್ರೋಫಾ, ಅಂದರೆ ಕಾಡುಹರಳನ್ನು ಎತ್ತಿಹಿಡಿದಾಗ ದೇಶದ ಹಲವೆಡೆ ಅದರ ಏಕಬೆಳೆ ತೋಟಗಳು ಎದ್ದು, ಇಳುವರಿ ಬಾರದೆ ಸೊರಗಿದವು. ಹಾಸನದಲ್ಲಿ ಹಿಡಿದ ದಾರಿ ಬೇರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಮಡೆನೂರಿನ ಸಂಶೋಧನಾ ಕೇಂದ್ರದಲ್ಲಿ 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವು, ಪ್ರೊ. ಬಾಲಕೃಷ್ಣ ಗೌಡರ ನೇತೃತ್ವದಲ್ಲಿ, ಹೊಂಗೆ, ಬೇವು, ಹಿಪ್ಪೆಗಳ ಜೊತೆಗೆ ಮಧ್ಯ ಅಮೆರಿಕದ ಮೂಲದ ಸಿಮರೂಬವನ್ನೂ ಸೇರಿಸಿ ಮಿಶ್ರ ಮರಗಳನ್ನು ಬದು, ಬೇಲಿ, ಪಾಳು ನೆಲಗಳಲ್ಲಷ್ಟೇ ನೆಡಲು ರೈತರನ್ನು ಊರೂರಿನ ಸಂಘಗಳಾಗಿ ಕೂಡಿಸಿತು. ವೈ.ಬಿ. ರಾಮಕೃಷ್ಣ ಅವರ ಅಧ್ಯಕ್ಷತೆಯ ರಾಜ್ಯ ಕಾರ್ಯಪಡೆಯ ಕಾಲದಲ್ಲಿ, 2009ರಲ್ಲಿ, ಕರ್ನಾಟಕ ತನ್ನದೇ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಹೊಲವನ್ನು ಹೊಲಕ್ಕೇ ಬಿಟ್ಟ ಈ ಯೋಜನೆ ಹೊಸ ಹೆಸರಿನ ಹಳೆಯ ಪದ್ಧತಿ ಎಂದರೆ ತಪ್ಪಾಗಲಾರದು, ಮತ್ತು ಅದೇ ಅದರ ಹೆಚ್ಚುಗಾರಿಕೆ.

ಆದರೆ ಲೆಕ್ಕ ಅಷ್ಟು ಸುಲಭವಾಗಿ ಕೂಡಲಿಲ್ಲ. ಒಂದು ಲೀಟರ್ ಹೊಂಗೆ ಎಣ್ಣೆಗೆ ಸುಮಾರು 4 ಕೆ.ಜಿ. ಬೀಜ ಬೇಕು, ಆ ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದೊಡನೆ ಕಾಯಿಸಿ, ಗ್ಲಿಸರಿನ್ ಬೇರ್ಪಡಿಸಿದ ಮೇಲೆಯೇ ಡೀಸೆಲ್ ಯಂತ್ರಕ್ಕೆ ಹೊಂದುವ ದ್ರವ ದೊರೆಯುತ್ತದೆ. ಕಾಯಿ ಆಯ್ದು, ಒಣಗಿಸಿ, ಬಡಿದು ಬೀಜ ಬಿಡಿಸುವ ಕೆಲಸಕ್ಕೆ ದಿನಗೂಲಿಗೆ ಸಮನಾದ ಆದಾಯ ಸಿಗದ ಕಡೆ ಬೀಜ ಮರದಡಿಯಲ್ಲೇ ಉಳಿಯುವುದು ಸಹಜ. ಎಣ್ಣೆಗೆ ಸಾಬೂನಿನವರೂ ಹಿಂಡಿಗೆ ಶುಂಠಿ ಬೆಳೆಗಾರರೂ ಗಿರಾಕಿಗಳಾಗಿರುವಾಗ ಅದನ್ನು ಅಗ್ಗವಾಗಿ ಇಂಧನಕ್ಕೆ ಕೊಡುವ ಆಕರ್ಷಣೆಯೂ ಕಡಿಮೆ. ಅರಕಲಗೂಡಿನ ವಿಷಯದಲ್ಲಂತೂ ಮರದ ಇಂಧನದ ದೊಡ್ಡ ಬೇಡಿಕೆ ಡೀಸೆಲ್ಲಿನದಲ್ಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಸೌದೆಯದು. ರಾಮನಾಥಪುರದ ಹರಾಜುಕಟ್ಟೆಗೆ ಬರುವ ಸೊಪ್ಪಿನ ಹಿಂದೆ ಎಷ್ಟು ಬದುಗಳು ಬೋಳಾದವು ಎಂಬುದು ಬೇರೆಯೇ ಅಧ್ಯಯನಕ್ಕೆ ತಕ್ಕ ವಸ್ತು.

ಈ ನಡುವೆ ಹೊಲದೊಳಗಿನ ಬೆಳೆ ಬದಲಾಗಿತ್ತು. ಅಂಗಮಾರಿ ರೋಗಕ್ಕೆ ಸಿಕ್ಕು ಹಾಸನದ ಆಲೂಗೆಡ್ಡೆ ಹಿಂದೆ ಸರಿದಲ್ಲೆಲ್ಲ ಕೋಳಿ ಆಹಾರದ ಬೇಡಿಕೆಯನ್ನು ನಂಬಿ ಮೆಕ್ಕೆಜೋಳ ಹಬ್ಬಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಹೆಚ್ಚುವರಿ ಧಾನ್ಯದಿಂದ ಎಥೆನಾಲ್ ತಯಾರಿಸಲು ಬಾಗಿಲು ತೆರೆಯಿತು. 2023ರಲ್ಲಿ ಎಥೆನಾಲಿಗೆ ಮೊದಲು ಭಾರತೀಯ ಆಹಾರ ನಿಗಮದ ಅಕ್ಕಿಯ ಸರಬರಾಜು ನಿಂತು, ಡಿಸೆಂಬರಿನಲ್ಲಿ ಕಬ್ಬಿನ ರಸಕ್ಕೂ ತಡೆ ಬಿದ್ದಾಗ ಭಾರವೆಲ್ಲ ಮೆಕ್ಕೆಜೋಳದ ಮೇಲೆ ಬಿತ್ತು. 2024ರ ಆರಂಭದಲ್ಲಿ ತೈಲ ಕಂಪನಿಗಳು ಮೆಕ್ಕೆಜೋಳದ ಎಥೆನಾಲಿಗೆ ಲೀಟರಿಗೆ 71.86 ರೂಪಾಯಿ ಕೊಡತೊಡಗಿದವು. ಹೊರದೇಶಗಳಿಗೆ ಮೆಕ್ಕೆಜೋಳ ಮಾರುತ್ತಿದ್ದ ಭಾರತ ಅದೇ ವರ್ಷ ಅದನ್ನು ಹೊರಗಿನಿಂದ ತರಿಸಿಕೊಂಡಿತು. ಒಂದು ಟನ್ ಕಾಳಿನಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ ಎಂಬುದು ಸರ್ಕಾರದ ಲೆಕ್ಕ. ಬೇಡಿಕೆ ಹೆಚ್ಚಿದರೆ ಬೆಳೆಗಾರನಿಗೆ ಲಾಭವೇ ಸರಿ, ಆದರೆ ಮೆಕ್ಕೆಜೋಳ ರಾಗಿಯಲ್ಲ: ತೇವ ಆರದ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಒಣಗಿದ್ದಕ್ಕೆ ಮೂತಿಹುಳು ಬೀಳುತ್ತದೆ, ಸಣ್ಣ ಹಿಡುವಳಿದಾರನ ಮನೆಯಲ್ಲಿ ಅದು ಕೆಲವು ತಿಂಗಳಿಗಿಂತ ಹೆಚ್ಚು ನಿಲ್ಲುವುದು ಕಷ್ಟ. ಹಾಗಾಗಿ ಕಾದು ಮಾರುವ ಅವಕಾಶ ಒಕ್ಕಲಿನ ಕೈಬಿಟ್ಟು, ಗೋದಾಮು ಇರುವ ವರ್ತಕನಿಗೂ ಡಿಸ್ಟಿಲರಿಗೂ ಹೋಗಿದೆ, ಕಣದಲ್ಲೇ ಕಾಳು ಅಳೆದುಕೊಟ್ಟ ರೈತನಿಗೆ ಸಿಗುವುದು ಸುಗ್ಗಿಯ ದಿನದ ಧಾರಣೆ ಮಾತ್ರ.