ಬೂದಿ, ಗೋಮಯ, ಅಂಟುವಾಳ: ಕರಾವಳಿಯ ಗೃಹಶುದ್ಧಿ

ತತ್ತ್ವಾರ್ಥಸೂತ್ರಕ್ಕೆ ‘ರಾಜವಾರ್ತಿಕ’ವೆಂಬ ವ್ಯಾಖ್ಯಾನವನ್ನು ರಚಿಸಿದ ಅಕಲಂಕದೇವರು, ಅಶುಚಿ ಅನುಪ್ರೇಕ್ಷೆಯ ಸಂದರ್ಭದಲ್ಲಿ ಶುಚಿತ್ವವನ್ನು ಲೋಕೋತ್ತರ ಮತ್ತು ಲೌಕಿಕ ಎಂದು ಎರಡಾಗಿ ವಿಂಗಡಿಸಿದ್ದಾರೆ. ಆತ್ಮನು ಕರ್ಮಮಲವನ್ನು ಕಳೆದುಕೊಂಡು ತನ್ನಲ್ಲಿಯೇ ನೆಲೆಗೊಳ್ಳುವುದು ಮೊದಲನೆಯದು. ಎರಡನೆಯದಕ್ಕೆ ಎಂಟು ಸಾಧನಗಳು: ಕಾಲ, ಅಗ್ನಿ, ಭಸ್ಮ, ಮೃತ್ತಿಕೆ, ಗೋಮಯ, ಜಲ, ಜ್ಞಾನ, ನಿರ್ವಿಚಿಕಿತ್ಸೆ. ಇವುಗಳಿಂದ ದೇಹವು ನಿಜವಾಗಿ ಶುಚಿಯಾಗದೆಂಬುದು ಆಚಾರ್ಯರ ಅಭಿಪ್ರಾಯ. ಆದರೂ ಎಂಟನೆಯ ಶತಮಾನದ ಈ ಪಟ್ಟಿಯಲ್ಲಿ ಬೂದಿ, ಮಣ್ಣು, ಸಗಣಿ, ನೀರುಗಳಿಗೆ ಸ್ಥಾನ ದೊರೆತಿರುವುದು ಇತಿಹಾಸದ ದೃಷ್ಟಿಯಿಂದ ಗಮನಾರ್ಹ. (ಭಟ್ಕಳದ ಹೆಸರಿನೊಡನೆ ಜನರು ಸೇರಿಸುವ ಭಟ್ಟಾಕಳಂಕರು 1604ರಲ್ಲಿ ‘ಶಬ್ದಾನುಶಾಸನ’ವನ್ನು ಬರೆದವರು, ಈ ಅಕಲಂಕರು ಅವರಿಗಿಂತ ಬಹಳ ಹಿಂದಿನವರು.)

ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಜೈನ ಅರಸುಮನೆತನಗಳು ಬಾಳಿದ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಈ ದ್ರವ್ಯಗಳು ನಿತ್ಯಬಳಕೆಯವು. ‘ಕಾಳುಮೆಣಸಿನ ರಾಣಿ’ಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಆಳ್ವಿಕೆ ಮುಗಿದ ಮೇಲೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಘಟ್ಟವನ್ನು ಹತ್ತಿ ಇಕ್ಕೇರಿಗೆ ಹೋದನು. ಪಾಳುಬಿದ್ದ ಗೇರುಸೊಪ್ಪೆಯನ್ನು ಕಂಡು ಬರೆದ ಆ ಪಯಣದ ಪತ್ರದಲ್ಲಿಯೇ ಅವನು ಸಗಣಿ ಸಾರಿಸಿದ ನೆಲವನ್ನೂ ವರ್ಣಿಸಿದ್ದಾನೆ. ನೆಲದ ನುಣುಪು, ಹೊಳಪು ಅವನಿಗೆ ಮೆಚ್ಚಿಕೆಯಾದವು. ಇಂತಹ ಮನೆಗಳಿಗೆ ಪ್ಲೇಗಿನ ಭಯ ಕಡಿಮೆಯೆಂದು ಕೇಳಿ, ಇಟಲಿಯಲ್ಲಿಯೂ ಇದನ್ನು ಮಾಡಿನೋಡಬೇಕೆಂದು ಬಯಸಿದನು. ಪ್ಲೇಗಿನ ಮಾತು ಹಾಗಿರಲಿ. ಪರದೇಶದವನೊಬ್ಬ ಸಗಣಿಯ ನೆಲವನ್ನು ಕಂಡು ಮೂಗು ಮುಚ್ಚಿಕೊಳ್ಳದೆ ಕಲಿಯಲು ನಿಂತನಲ್ಲ, ಅದೂ ಒಂದು ಬಗೆಯ ನಿರ್ವಿಚಿಕಿತ್ಸೆಯೇ.

ಬಚ್ಚಲೊಲೆಯಲ್ಲಿ ತೆಂಗಿನ ಸೋಗೆ, ಸಿಪ್ಪೆಗಳು ಉರಿದು ಉಳಿದ ಬೂದಿಯೇ ಪಾತ್ರೆಗೆ ಸಾಕಾಗುತ್ತಿತ್ತು. ಉಜ್ಜಲು ತೆಂಗಿನ ನಾರು. ಬೂದಿಯ ಕ್ಷಾರವು ಜಿಡ್ಡಿನೊಡನೆ ಕೂಡಿ ಅಲ್ಲಿಯೇ ತುಸು ಸಾಬೂನಾಗುತ್ತದೆ. (ಅಲ್ಯುಮಿನಿಯಂ ಪಾತ್ರೆಗೆ ಇದು ಸಲ್ಲದು, ಕಪ್ಪುಗಟ್ಟುತ್ತದೆ.) ಹಿತ್ತಾಳೆಗೆ ಹುಣಸೆಹುಳಿ ಅಥವಾ ಹಿತ್ತಿಲಿನ ಬಿಂಬುಳಿ, ಬಿಂಬುಳಿಯ ಆಕ್ಸಾಲಿಕ್ ಆಮ್ಲವು ಬಟ್ಟೆಯ ತುಕ್ಕಿನ ಕಲೆಯನ್ನೂ ತೆಗೆಯುತ್ತದೆ. ಬಟ್ಟೆಗೆ, ತಲೆಗೆ, ಒಡವೆಗೆ ಅಂಟುವಾಳ. ಹತ್ತು-ಹನ್ನೆರಡು ಕಾಯಿಗಳ ಬೀಜವನ್ನು ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ಗಾಳಿಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿದರೆ ನೊರೆಯುಳ್ಳ ರಸ ಸಿದ್ಧ. ಅದು ಒಂದೆರಡು ದಿನಗಳಲ್ಲಿ ಹುಳಿಯುವುದರಿಂದ ಅಂದಂದಿನದನ್ನು ಅಂದೇ ಮಾಡಿಕೊಳ್ಳಬೇಕು. ಕುದಿಸಿದ ನೀರಿಗೆ 24 ಗಂಟೆಗಳ ಮರ್ಯಾದೆಯನ್ನು ಪಾಲಿಸುವ ಶ್ರಾವಕರ ಮನೆಗೆ ಇದು ಹೊಸ ನಿಯಮವಲ್ಲ.

1888ರಲ್ಲಿ ಸನ್‌ಲೈಟ್ ಸಾಬೂನು ಕಲ್ಕತ್ತೆಯ ಬಂದರಿಗೆ ಬಂದಿತು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಪುಡಿಗಳು ಬಂದವು. ಶ್ರಮವೇನೋ ಕಡಿಮೆಯಾಯಿತು, ಬಾವಿಕಟ್ಟೆಯಲ್ಲಿ ಬೆನ್ನು ಬಾಗಿಸಿದ ಹೆಂಗಸರಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಸಾಬೂನಿನ ಕೊಬ್ಬು ಯಾವ ಪ್ರಾಣಿಯದೆಂಬ ಪ್ರಶ್ನೆಯೂ ಜೊತೆಯಲ್ಲಿಯೇ ಬಂದಿತು. 1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತ ಸುದ್ದಿ ದೇಶವನ್ನೇ ಕಲಕಿದಾಗ, ಡಬ್ಬಿಯ ಒಳಗೇನಿದೆಯೆಂದು ತಿಳಿಯದೆ ಕೊಳ್ಳುವುದರ ಅಪಾಯ ಎಲ್ಲರಿಗೂ ಗೋಚರವಾಯಿತು.

ಈಗ ಅನೇಕರು ಮತ್ತೆ ನೈಸರ್ಗಿಕ ದ್ರವ್ಯಗಳತ್ತ ಹೊರಳುತ್ತಿದ್ದಾರೆ. ಇಲ್ಲಿ ಸ್ವಲ್ಪ ವಿವೇಚನೆ ಬೇಕು. ಹಣ್ಣಿನ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಸೇರಿಸಿ ಮೂರು ತಿಂಗಳು ಕೊಳೆಯಿಸುವ ‘ಜೈವಿಕ ಕಿಣ್ವ’ವು ಪರಿಸರವಾದಿಗಳಿಗೆ ಪ್ರಿಯ, ಅಸಂಖ್ಯಾತ ಸೂಕ್ಷ್ಮಜೀವಿಗಳನ್ನು ಬೇಕೆಂದೇ ಹುಟ್ಟಿಸಿ ಸಾಯಿಸುವ ಆ ಕ್ರಮ ಅಹಿಂಸಾವ್ರತಿಗೆ ಒಪ್ಪುವುದು ಕಷ್ಟ. ಅಂಟುವಾಳವೂ ಪೂರ್ಣ ನಿರ್ದೋಷಿಯಲ್ಲ. ಅದರ ನೊರೆಗೆ ಕಾರಣವಾದ ಸಪೋನಿನ್ ಮೀನುಗಳ ಕಿವಿರಿಗೆ ಘಾತಕ. ಇಂತಹ ಕಾಯಿಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೇ ಉಂಟು. ಆದುದರಿಂದ ಅದರ ತೊಳೆನೀರನ್ನು ಕೆರೆ, ಹಳ್ಳ, ಪುಷ್ಕರಿಣಿಗೆ ಬಿಡಬಾರದು. ಬಚ್ಚಲಿನ ನೀರನ್ನು ತೆಂಗಿನ ಬುಡಕ್ಕೆ ಹರಿಸುವ ಕರಾವಳಿಯ ಹಳೆಯ ವ್ಯವಸ್ಥೆ ಈ ದೃಷ್ಟಿಯಿಂದಲೂ ಉಚಿತ, ಏಕೆಂದರೆ ಸಪೋನಿನ್ ಮಣ್ಣಿನಲ್ಲಿ ಕರಗಿಹೋಗುತ್ತದೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿರುವ ಪ್ರಮಾದಚರ್ಯೆಯಲ್ಲಿ ನೀರಿನ ವ್ಯರ್ಥ ಬಳಕೆಯೂ ಸೇರಿದೆ. ಒಂದು ಬೊಗಸೆ ರಸ ಸಾಲುವಲ್ಲಿ ಒಂದು ಬಕೆಟ್ ಚೆಲ್ಲುವುದು, ರಸ ಯಾವುದೇ ಇರಲಿ, ದೋಷವೇ.

ಬಸದಿಗಳ ವಿಷಯ ಬೇರೆ. ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಗೇರುಸೊಪ್ಪೆಯ ಚತುರ್ಮುಖ ಬಸದಿಗಳು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿನ ಕಲ್ಲಿಗೆ ಯಾರೂ ಕೈಹಚ್ಚುವಂತಿಲ್ಲ. ಟ್ರಸ್ಟುಗಳ ವಶದಲ್ಲಿರುವ ಹಳೆಯ ಲೋಹಬಿಂಬಗಳಿಗೆ ಮಾತ್ರ ಹುಣಸೆ, ಬಿಂಬುಳಿ, ಇಟ್ಟಿಗೆಪುಡಿ ಯಾವುದನ್ನೂ ಬಳಸಬಾರದು. ಹುಳಿಯು ಲೋಹವನ್ನು ಕರಗಿಸುತ್ತದೆ, ಪುಡಿಯು ತೇಯುತ್ತದೆ. ಪೀಠದ ಮೇಲೆ ದಾನಿಯ ಹೆಸರನ್ನು, ಶಕವರ್ಷವನ್ನು ಕೊರೆದ ಸಣ್ಣ ಅಕ್ಷರಗಳು ಮೊದಲು ಅಳಿಯುತ್ತವೆ. ಅಭಿಷೇಕವಾದ ಮೇಲೆ ಗಾಳಿಸಿದ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ತೇವವಿಲ್ಲದಂತೆ ಒರೆಸಿದರೆ ಸಾಕು.